ಅತ್ತೆಯ ಕೂಲಿ ಬರೆಯದ ಲೆಕ್ಕ

ಬೆಳಗಿನ ನಾಲ್ಕೂವರೆಗೆ ಎದ್ದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿಯ ಗಂಟನ್ನು ಬಿಚ್ಚಿದಾಗ ಒಳಗಿನ ಬಿಸಿ ಮೊದಲು ಅಂಗೈಗೆ ತಾಗುತ್ತದೆ. ಮೊಳಕೆ ಸರಿಯಾಗಿ ಬಂದಿದ್ದರೆ ಕಾಳುಗಳು ಒಂದಕ್ಕೊಂದು ಬೇರಿನಿಂದ ಹೆಣೆದುಕೊಂಡು ಬಟ್ಟೆಯ ಆಕಾರದಲ್ಲೇ ಬಿಲ್ಲೆಯಂತೆ ನಿಂತಿರುತ್ತವೆ. ಮೂಗಿಗೆ ಹಸಿ ಹುಲ್ಲಿನ ವಾಸನೆ ಬರುತ್ತದೆ. ಅದೇ ವಾಸನೆಯಲ್ಲಿ ಎಲ್ಲೋ ಒಂದು ಎಳೆ ಹುಳಿ ಇದ್ದರೆ ಆ ಒಬ್ಬೆಯನ್ನು, ಅಂದರೆ ಒಮ್ಮೆಗೆ ಮಾಡಿದ ಅಷ್ಟನ್ನೂ, ಬಳಸುವಂತಿಲ್ಲ. ಇದನ್ನು ಪರೀಕ್ಷಿಸಿ, ಬಿಲ್ಲೆಯನ್ನು ಕೈಯಲ್ಲಿ ಉದುರಿಸಿ, ತಾರಸಿಯ ಮೇಲೆ ಹರಡಲು ಅತ್ತೆಗೆ ಒಪ್ಪಿಸಿ, ಏಳೂವರೆಗೆ ತುಮಕೂರಿನ ಶಿರಾ ಗೇಟಿನಲ್ಲಿ ಕಾರ್ಖಾನೆಯ ಬಸ್ಸು ಹತ್ತುವುದು ಎರಡೂವರೆ ವರ್ಷಗಳಿಂದ ನನ್ನ ದಿನಚರಿಯಾಗಿದೆ.

ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ 2019ರ ಆಗಸ್ಟ್‌ನಿಂದ ಕೆಲಸ ಮಾಡುತ್ತಿದ್ದೇನೆ. ಮೊಳಕೆ ರಾಗಿಯ ಹಿಟ್ಟನ್ನು ತಯಾರಿಸಿ ಮಾರುವ ಉದ್ಯಮವೊಂದನ್ನು ಕಟ್ಟಬೇಕೆಂದು 2022ರಲ್ಲಿ ನಿರ್ಧರಿಸಿದೆ. ಇಂದಿಗೂ ನೌಕರಿ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲವೆಂದು ಕೇಳುವವರಿಗೆ ನಾನು ಕೊಡುತ್ತಿದ್ದ ಉತ್ತರ ಕಾಲಕ್ರಮದಲ್ಲಿ ಬದಲಾಗಿದೆ. ಮೊದಮೊದಲು ಧೈರ್ಯ ಸಾಲದು ಎನ್ನುತ್ತಿದ್ದೆ. ಈಗ ತಿಳಿದಿರುವ ಕಾರಣ ಬೇರೆ. ತಿಂಗಳ ಸಂಬಳವು ಮನೆಯನ್ನು ಕಾಪಾಡುತ್ತದೆ, ನಿಜ; ಆದರೆ ಅದೇ ಸಂಬಳವು ಹೊಸ ವ್ಯಾಪಾರದ ನಷ್ಟವನ್ನು ಸದ್ದಿಲ್ಲದೆ ತುಂಬಿಕೊಡುತ್ತಾ, ಅದನ್ನು ಲಾಭವೆಂದು ನಂಬಿಸುತ್ತದೆ. ಆದ್ದರಿಂದ ನೌಕರಿಯಲ್ಲಿದ್ದುಕೊಂಡು ಉದ್ಯಮಕ್ಕೆ ಸಿದ್ಧರಾಗುವವರು ಮಾಡಬೇಕಾದ ಮುಖ್ಯ ಕೆಲಸವೆಂದರೆ, ಸಂಬಳ ಎಲ್ಲೆಲ್ಲಿ ನಮ್ಮ ಲೆಕ್ಕದೊಳಗೆ ನುಗ್ಗಿದೆಯೋ ಅಲ್ಲಿಂದ ಅದನ್ನು ಒಂದೊಂದಾಗಿ ಹೊರಗೆ ತೆಗೆಯುವುದು. ನನಗೆ ಅದಕ್ಕೆ ಎರಡು ವರ್ಷ ಹಿಡಿಯಿತು.

ನಮ್ಮ ಕಡೆ ಮೊಳಕೆ ರಾಗಿಯ ಹಿಟ್ಟು ಹೊಸ ವಸ್ತುವೇನಲ್ಲ. ಮಗುವಿಗೆ ಆರು ತಿಂಗಳು ತುಂಬಿದರೆ ಮನೆಯ ಹಿರಿಯರು ರಾಗಿ ಸರಿ ಎಂಬ ಗಂಜಿಯ ಹಿಟ್ಟು ಮಾಡಲು ಕೂರುತ್ತಾರೆ. ರಾಗಿಯನ್ನು ತೊಳೆದು, ರಾತ್ರಿಯಿಡೀ ನೆನೆಸಿ, ಒಂದೂವರೆ ದಿನ ಮೊಳಕೆ ಕಟ್ಟಿ, ಬಿಸಿಲಿನಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದರೆ ಹಿಟ್ಟು ಸಿದ್ಧ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗದೆ ನೀರಾಗಿರುತ್ತದೆ, ಅಂದರೆ ಅಷ್ಟೇ ತೆಳುವಾದ ಗಂಜಿಯಲ್ಲಿ ಹೆಚ್ಚು ಹಿಟ್ಟನ್ನು ಉಣಿಸಬಹುದು. ಹುರಿಯುವಾಗ ಉರಿ ಹೆಚ್ಚಾದರೆ ಈ ಗುಣವೇ ಹೋಗಿಬಿಡುತ್ತದೆ. ಅತ್ತೆಗೆ ಕಿಣ್ವದ ಹೆಸರು ಗೊತ್ತಿಲ್ಲ. ಆದರೆ "ಘಮ ಬಂದ ಕೂಡಲೇ ಇಳಿಸಬೇಕು, ಬಣ್ಣ ಬರುವವರೆಗೆ ಕಾಯಬಾರದು" ಎಂದು ಅವರು ಹೇಳುವ ಮಾತಿನಲ್ಲಿ ಆ ಶಾಸ್ತ್ರವೆಲ್ಲ ಇದೆ. ಶಿರಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಸರಿ ಮಾಡಿಕೊಟ್ಟ ಕೈ ಅವರದು. ನಮ್ಮ ಉದ್ಯಮದ ನಿಜವಾದ ಬಂಡವಾಳ ಆ ಕೈಯೇ ಎಂದು ನಾನು ಆಗಲೂ ಹೇಳುತ್ತಿದ್ದೆ. ಹೇಳಿದ ಮಾತನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿರಲಿಲ್ಲ.

ಮೊದಲ ಆರು ತಿಂಗಳು ಯಾರಿಂದಲೂ ಒಂದು ರೂಪಾಯಿಯನ್ನೂ ಪಡೆಯಲಿಲ್ಲ. ನೋಂದಣಿ ಇಲ್ಲದೆ ಆಹಾರ ಪದಾರ್ಥ ಮಾರಬಾರದೆಂಬುದು ಒಂದು ಕಾರಣ. ಪ್ರತಿ ಒಬ್ಬೆಯೂ ಒಂದೇ ರೀತಿ ಬರುತ್ತದೆಯೇ ಎಂದು ತಿಳಿಯದೆ ಹಣ ಪಡೆಯುವುದು ತಪ್ಪೆಂಬುದು ಇನ್ನೊಂದು. ಕಾರ್ಖಾನೆಯಲ್ಲಿ ಪ್ರತಿ ಒಬ್ಬೆಯ ಸರಕಿಗೂ ಒಂದು ಸಂಖ್ಯೆ ಕೊಟ್ಟು, ಯಾವ ದಿನ, ಯಾವ ಯಂತ್ರ, ಯಾರ ಪಾಳಿ ಎಂದು ದಾಖಲಿಸುವ ಅಭ್ಯಾಸ ನನಗಿತ್ತು. ಅದನ್ನೇ ಮನೆಗೆ ತಂದೆ. ನೆನೆಸಿದ ಸಮಯ, ಗಂಟು ಕಟ್ಟಿದ ಸಮಯ, ಬಿಚ್ಚಿದ ಸಮಯ, ಒಣಗಲು ಹಿಡಿದ ಗಂಟೆಗಳು, ಬೀಸುವ ಮುಂಚಿನ ತೂಕ, ಸೋಸಿದ ನಂತರದ ತೂಕ ಎಲ್ಲವನ್ನೂ ಬರೆದಿಟ್ಟೆ. 2022ರ ಮಳೆಗಾಲ ತುಮಕೂರಿನವರಿಗೆ ಚೆನ್ನಾಗಿ ನೆನಪಿರುತ್ತದೆ. ವರ್ಷಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದ ವರ್ಷ ಅದು. ಆ ಅಕ್ಟೋಬರಿನಲ್ಲಿ ಸತತ ಮೂರು ಒಬ್ಬೆ ಕೆಟ್ಟವು. ಬಿಸಿಲಿಲ್ಲದೆ ಎರಡು ದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರಡಿದ ರಾಗಿಯ ಮೇಲೆ ಮೂರನೆಯ ಬೆಳಿಗ್ಗೆ ಬೂದುಬಣ್ಣದ ಬೂಷ್ಟು ಕಾಣಿಸಿತು. ಮೂವತ್ತು ಕಿಲೋ ರಾಗಿಯನ್ನು ಗೊಬ್ಬರದ ಗುಂಡಿಗೆ ಸುರಿಯಬೇಕಾಯಿತು. ಹಸುವಿಗೂ ಹಾಕಬೇಡವೆಂದು ಅತ್ತೆ ತಡೆದರು. ಆ ತಿಂಗಳು ನೌಕರಿ ಬಿಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತೆಂದು ಯೋಚಿಸಿ ರಾತ್ರಿ ನಿದ್ದೆ ಬರಲಿಲ್ಲ. ಬೇಸಿಗೆಯಲ್ಲಿ ಆರಂಭಿಸಿ ಬೇಸಿಗೆಯಲ್ಲೇ ತೀರ್ಮಾನ ಮಾಡುವವರಿಗೆ ಇದು ಗೊತ್ತಾಗುವುದಿಲ್ಲ. ಬಿಸಿಲನ್ನು ನಂಬಿದ ಯಾವುದೇ ಕಸುಬಿಗೆ ಒಂದು ಇಡೀ ವರ್ಷದ ಪರೀಕ್ಷೆ ಬೇಕೇ ಬೇಕು, ಮತ್ತು ಆ ವರ್ಷವನ್ನು ಕೊಳ್ಳಲು ಸಂಬಳಕ್ಕಿಂತ ಅಗ್ಗದ ಹಣ ಇಲ್ಲ.

2023ರ ಆರಂಭದಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದೆವು. ಆಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿರುವ ಸಣ್ಣ ತಯಾರಕರಿಗೆ ಮೂಲ ನೋಂದಣಿ ಸಾಕಾಗುತ್ತಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ. ಹದಿನಾಲ್ಕು ಅಂಕಿಗಳ ಸಂಖ್ಯೆ ಕೈಗೆ ಬಂದ ದಿನ ಅದನ್ನು ಅತ್ತೆಗೆ ಓದಿ ಹೇಳಿದೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆಧಾರ್ ಮತ್ತು ಪ್ಯಾನ್ ಇದ್ದರೆ ಉಚಿತವಾಗಿಯೇ ಆಗುತ್ತದೆ. ಅದಕ್ಕಾಗಿ ಮಧ್ಯವರ್ತಿಗಳಿಗೆ ಯಾರೂ ಹಣ ಕೊಡಬೇಕಾಗಿಲ್ಲ.

ಲೇಬಲ್ ವಿಷಯದಲ್ಲಿ ಮಾತ್ರ ನಾನು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. ಮೊದಲ ವಿನ್ಯಾಸದಲ್ಲಿ ಪೊಟ್ಟಣದ ಮೇಲೆ ನಗುವ ಮಗುವಿನ ಚಿತ್ರವಿತ್ತು, ಹೆಸರು "ರಾಗಿ ಸರಿ" ಎಂದಿತ್ತು. ನಮ್ಮ ಮನೆಗಳಲ್ಲಿ ಅದು ಸಹಜವಾದ ಹೆಸರು. ಆದರೆ ಶಿಶು ಆಹಾರಕ್ಕೆ ಕಾನೂನು ಬೇರೆಯೇ ಇದೆ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಪ್ರಚಾರವನ್ನು 1992ರ ಕಾಯ್ದೆಯೊಂದು ನಿಷೇಧಿಸಿದೆ, ಮತ್ತು ಅಂಥ ಆಹಾರದ ತಯಾರಿಕೆಗೆ ಎಫ್‌ಎಸ್‌ಎಸ್‌ಎಐ ಇಟ್ಟಿರುವ ನಿಯಮಗಳನ್ನು ಅಡುಗೆಮನೆಯಲ್ಲಿ ನಡೆಯುವ ಘಟಕ ಪಾಲಿಸಲಾಗದು. ಇದು ಸರಿಯಾದ ನಿಯಮವೆಂದೇ ನನ್ನ ಅಭಿಪ್ರಾಯ. ಮೂರು ಒಬ್ಬೆ ಬೂಷ್ಟು ಹಿಡಿದುದನ್ನು ಕಣ್ಣಾರೆ ಕಂಡವಳಿಗೆ ಅದರ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಚಿತ್ರ ತೆಗೆದೆ, ಹೆಸರನ್ನು "ಮೊಳಕೆ ರಾಗಿ ಹಿಟ್ಟು" ಎಂದು ಬದಲಿಸಿದೆ, ದೊಡ್ಡವರ ಬೆಳಗಿನ ಗಂಜಿಗೆಂದೇ ಮಾರುವುದೆಂದು ತೀರ್ಮಾನಿಸಿದೆ. ತಯಾರಕರ ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಂ ಲೆಕ್ಕದ ಬೆಲೆ, ಗ್ರಾಹಕರು ದೂರು ಹೇಳಲು ದೂರವಾಣಿ ಸಂಖ್ಯೆ ಇವೆಲ್ಲವೂ ಪೊಟ್ಟಣದ ಮೇಲೆ ಇರಲೇಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಹೇಳುತ್ತವೆ. ಐದು ಸಾವಿರ ಲೇಬಲ್ ಮುದ್ರಿಸಿದ ಮೇಲೆ ಇದನ್ನು ಓದುವುದಕ್ಕಿಂತ ಮೊದಲೇ ಓದುವುದು ಮೇಲು.

ನೌಕರಿ ಕೊಟ್ಟವರಿಗೆ ತಿಳಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ನನ್ನ ಜೊತೆಯವರು ಕೊಟ್ಟ ಸಲಹೆ ಒಂದೇ: ಎಲ್ಲವನ್ನೂ ಗಂಡನ ಹೆಸರಿನಲ್ಲಿ ಮಾಡಿ ಸುಮ್ಮನಿದ್ದುಬಿಡು. ನನ್ನ ನೇಮಕಾತಿ ಪತ್ರವನ್ನು ತೆಗೆದು ಓದಿದಾಗ, ಲಿಖಿತ ಅನುಮತಿ ಇಲ್ಲದೆ ಬೇರೆ ಉದ್ಯೋಗ ಅಥವಾ ವ್ಯಾಪಾರದಲ್ಲಿ ತೊಡಗಬಾರದೆಂಬ ಸಾಲು ಅದರಲ್ಲಿತ್ತು. ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದು ಕಾರ್ಖಾನೆಯಲ್ಲಿ ದುಡಿಯುವುದನ್ನು 1948ರ ಕಾರ್ಖಾನೆ ಕಾಯ್ದೆಯ 60ನೇ ಸೆಕ್ಷನ್ ತಡೆಯುತ್ತಿತ್ತು. ಮನೆಯ ಕೆಲಸಕ್ಕೆ ಅದು ಅನ್ವಯಿಸದಿದ್ದರೂ ನೇಮಕಾತಿ ಪತ್ರದ ಸಾಲು ಅನ್ವಯಿಸುತ್ತಿತ್ತು. ಸರ್ಕಾರಿ ನೌಕರರಿಗಂತೂ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಇಲ್ಲದೆ ವ್ಯಾಪಾರ ನಡೆಸುವುದೇ ನಿಷಿದ್ಧ. ನಾನು ಒಂದು ಪುಟದ ಪತ್ರ ಬರೆದು, ಏನು ಮಾಡುತ್ತಿದ್ದೇನೆ, ಯಾವ ಸಮಯದಲ್ಲಿ ಮಾಡುತ್ತಿದ್ದೇನೆ, ಕಂಪನಿಯ ಉತ್ಪನ್ನಕ್ಕೂ ಇದಕ್ಕೂ ಹೇಗೆ ಸಂಬಂಧವಿಲ್ಲ ಎಂದು ವಿವರಿಸಿದೆ. ಮೂರು ವಾರ ಉತ್ತರ ಬರಲಿಲ್ಲ; ಆ ಮೂರು ವಾರ ಬಹಳ ದೀರ್ಘವಾಗಿದ್ದವು. ಕೊನೆಗೆ, ಕೆಲಸದ ವೇಳೆಯಲ್ಲಿ ಮಾಡಬಾರದು, ಕಂಪನಿಯ ಯಾವುದೇ ಸೌಲಭ್ಯ ಬಳಸಬಾರದು ಎಂಬ ಎರಡು ಷರತ್ತಿನೊಂದಿಗೆ ಒಪ್ಪಿಗೆ ಬಂತು. ಆ ಕಾಗದ ಇಂದಿಗೂ ನನ್ನ ಕಡತದ ಮೊದಲ ಹಾಳೆ. ಅದು ಬಂದ ಮೇಲೆ ಊಟದ ಬಿಡುವಿನಲ್ಲಿ ಯಾರಾದರೂ ಹಿಟ್ಟಿನ ವಿಷಯ ಎತ್ತಿದರೆ ದನಿ ತಗ್ಗಿಸಿ ಮಾತಾಡುವ ಅಗತ್ಯ ಇಲ್ಲವಾಯಿತು. ಪಾಳಿಯಲ್ಲಿ ಮೊಬೈಲು ಲಾಕರಿನಲ್ಲಿರುತ್ತದೆ. ಆರ್ಡರುಗಳಿಗೆ ಸಂಜೆ ಏಳರ ನಂತರವೇ ಉತ್ತರ ಎಂದು ಗ್ರಾಹಕರಿಗೆ ಮೊದಲೇ ತಿಳಿಸಿದ್ದೇನೆ, ಅದರಿಂದ ಒಬ್ಬ ಗ್ರಾಹಕರನ್ನೂ ಕಳೆದುಕೊಂಡಿಲ್ಲ.

ಈಗ ಲೆಕ್ಕದ ವಿಷಯ. 2023ರ ಏಪ್ರಿಲಿನಲ್ಲಿ ಹತ್ತು ಕಿಲೋದ ಒಂದು ಒಬ್ಬೆಗೆ ನಾನು ಬರೆದಿದ್ದ ಲೆಕ್ಕ ಹೀಗಿತ್ತು. ಮಂಡಿಪೇಟೆಯಲ್ಲಿ ಕಿಲೋಗೆ 42 ರೂಪಾಯಿಯಂತೆ ಹಸನು ಮಾಡಿದ ರಾಗಿಗೆ 420, ಬೀಸುವುದಕ್ಕೆ 60, ಹುರಿಯುವ ಗ್ಯಾಸಿಗೆ 70, ಏಳೂವರೆ ಕಿಲೋ ಹಿಟ್ಟು ತುಂಬುವ ಅರ್ಧ ಕಿಲೋದ ಹದಿನೈದು ಪೊಟ್ಟಣಕ್ಕೆ ಲೇಬಲ್ ಸಹಿತ 135. ಒಟ್ಟು 685. ಪೊಟ್ಟಣಕ್ಕೆ 90ರಂತೆ ಮಾರಿದರೆ 1,350. ಉಳಿದದ್ದು 665 ರೂಪಾಯಿ. ಹಾಕಿದ ಹಣ ಹೆಚ್ಚುಕಡಿಮೆ ಎರಡರಷ್ಟಾಯಿತೆಂದು ಯಜಮಾನರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಖಾಸಗಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಪುಸ್ತಕವನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ, "ಅಮ್ಮನ ಕೂಲಿ ಎಲ್ಲಿ?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಯಾರು ಯಾವ ಕೆಲಸಕ್ಕೆ ಎಷ್ಟು ನಿಮಿಷ ಕೊಟ್ಟರೆಂದು ಬರೆಯತೊಡಗಿದೆವು. ತೊಳೆದು ನೆನೆಸುವುದು, ಗಂಟು ಕಟ್ಟುವುದು, ಹರಡುವುದು, ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಬಾರಿ ಮಗುಚುವುದು, ಉಜ್ಜುವುದು, ಕೇರುವುದು, ಹುರಿಯುವುದು, ಸೋಸುವುದು, ತೂಗಿ ತುಂಬುವುದು ಎಲ್ಲ ಸೇರಿ ಒಂದು ಒಬ್ಬೆಗೆ ಒಂಬತ್ತು ಗಂಟೆ ಆಗುತ್ತಿತ್ತು. ಅದರಲ್ಲಿ ಆರು ಗಂಟೆ ಅತ್ತೆಯದು. ಅತ್ತೆಯ ಊರಿನಲ್ಲಿ ಹೆಣ್ಣಾಳಿಗೆ ಎಂಟು ಗಂಟೆಯ ದಿನಗೂಲಿ 500 ರೂಪಾಯಿ ನಡೆಯುತ್ತಿತ್ತು. ಆ ದರದಲ್ಲಿ ಒಂಬತ್ತು ಗಂಟೆಗೆ 563. ಉಳಿದದ್ದು 102 ರೂಪಾಯಿ. ಅಂಗಡಿಯವರ ಮೂಲಕ ಮಾರಿದರೆ ಅವರಿಗೆ ನೂರಕ್ಕೆ ಇಪ್ಪತ್ತರಂತೆ ಹದಿನೈದು ಪೊಟ್ಟಣಕ್ಕೆ 270 ಹೋಗುತ್ತದೆ. ಅಲ್ಲಿಗೆ 665 ರೂಪಾಯಿ ಲಾಭವೆಂದು ಬರೆದಿದ್ದ ಒಬ್ಬೆ 168 ರೂಪಾಯಿ ನಷ್ಟದ್ದಾಯಿತು. ನಾನು ಹೆಚ್ಚು ಮಾರಿದಷ್ಟೂ ಅತ್ತೆಯ ಬೆನ್ನು ಹೆಚ್ಚು ಬಾಗುತ್ತಿತ್ತು, ಮತ್ತು ಅದನ್ನು ನಾನು ಬೆಳವಣಿಗೆ ಎಂದು ಕರೆಯುತ್ತಿದ್ದೆ.

ಅತ್ತೆ ಈ ಲೆಕ್ಕವನ್ನು ಮೊದಲು ಒಪ್ಪಲಿಲ್ಲ. ಮನೆಯ ಕೆಲಸಕ್ಕೆ ಮನೆಯವರಿಂದ ಕೂಲಿ ತೆಗೆದುಕೊಳ್ಳುವುದು ಅವರಿಗೆ ಅವಮಾನವೆಂದೇ ತೋರಿತು. ಅವರನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ನಾಳೆ ನಿಮಗೆ ಮೈ ಸರಿಯಿಲ್ಲದೆ ಬೇರೆಯವರನ್ನು ಕರೆದರೆ ಅವರು ಬಿಟ್ಟಿ ಮಾಡುವುದಿಲ್ಲ, ಆಗ ಬೆಲೆ ಏರಿಸಿದರೆ ಕೊಳ್ಳುವವರು ಉಳಿಯುವುದಿಲ್ಲ ಎಂದು ಹೇಳಿದ ಮೇಲೆ ಒಪ್ಪಿದರು.

ಕೂಲಿಯೊಂದು ಹೊರಬಂದ ಮೇಲೆ ಉಳಿದವುಗಳೂ ಒಂದೊಂದಾಗಿ ಕಂಡವು. ಹುರಿಯಲು ಬಳಸುತ್ತಿದ್ದುದು ಮನೆಯ 14.2 ಕಿಲೋ ಸಿಲಿಂಡರು. ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗುಬ್ಬಿಯ ಅಂಗಡಿಗೆ ಪೊಟ್ಟಣ ಕೊಡಲು ನನಗೆ ಬಸ್ಸಿನ ಖರ್ಚು ಇಲ್ಲವಾಯಿತು. ಗೃಹಜ್ಯೋತಿ ಬಂದ ಮೇಲೆ ಮನೆಯ ವಿದ್ಯುತ್ ಬಿಲ್ಲೂ ಶೂನ್ಯಕ್ಕೆ ಬಂತು. ಇವು ನಮ್ಮಂಥ ಮನೆಗಳಿಗೆ ನಿಜವಾಗಿಯೂ ದೊಡ್ಡ ಆಸರೆ. ಆದರೆ ಮನೆಗೆ ಸಿಕ್ಕ ಆಸರೆಯನ್ನು ಉದ್ಯಮದ ಲಾಭವೆಂದು ಬರೆಯಲಾಗದು. ಐವತ್ತು ಕಿಲೋ ಮೂಟೆಯನ್ನು ನಾಳೆ ಬಾಡಿಗೆ ಆಟೋದಲ್ಲೇ ಸಾಗಿಸಬೇಕು, ಬೀಸುವ ಯಂತ್ರಕ್ಕೆ ಬೆಸ್ಕಾಂನಿಂದ ಪ್ರತ್ಯೇಕ ಸಂಪರ್ಕವನ್ನೇ ಪಡೆಯಬೇಕು. ಆದ್ದರಿಂದ ತೆರದ ಬಾಡಿಗೆ, ಬಾರದ ಬಿಲ್ಲು, ಕೊಡದ ಟಿಕೆಟ್ಟು ಎಲ್ಲವನ್ನೂ ಕೊಟ್ಟಂತೆಯೇ ಬರೆದು, ಆ ಹಣವನ್ನು ತಿಂಗಳ ಕೊನೆಗೆ ಬೇರೆ ಖಾತೆಗೆ ಹಾಕುವ ಪದ್ಧತಿ ಮಾಡಿಕೊಂಡೆವು. ನಷ್ಟವಾದ ತಿಂಗಳು ಹಾಕಲು ಹಣವಿರುತ್ತಿರಲಿಲ್ಲ. ಆಗ ನನ್ನ ಸಂಬಳದಿಂದ ಎಷ್ಟು ತುಂಬಿದೆನೆಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. 2023ರಲ್ಲಿ ಎಂಟು ತಿಂಗಳು ಕೆಂಪು ಶಾಯಿ ಇದೆ.

ಹತ್ತು ಕಿಲೋದ ಒಬ್ಬೆ ಎಂದಿಗೂ ನಿಲ್ಲುವುದಿಲ್ಲವೆಂದು ತಿಳಿದದ್ದು ಹೀಗೆ. ಐವತ್ತು ಕಿಲೋ ಮಾಡಿದರೆ ಕೆಲಸದ ಗಂಟೆಗಳು ಐದರಷ್ಟಾಗುವುದಿಲ್ಲ. ಉಜ್ಜಲು ಒಂದು ಸಣ್ಣ ಯಂತ್ರ, ಸೋಸಲು ಅಲುಗಾಡುವ ಜರಡಿ ಬಂದ ಮೇಲೆ ಹದಿನಾರು ಗಂಟೆಗೆ ಬಂತು. ಸುಗ್ಗಿಯಾದ ಕೂಡಲೇ ನೇರವಾಗಿ ರೈತರಿಂದ ಕೊಂಡರೆ ಕಿಲೋಗೆ 36 ರೂಪಾಯಿ ಬೀಳುತ್ತಿತ್ತು. 2022-23ರ ಬೆಂಬಲ ಬೆಲೆ ಕ್ವಿಂಟಲಿಗೆ 3,578 ಇದ್ದಾಗ ಅದಕ್ಕಿಂತ ಕಡಿಮೆಗೆ ಕೇಳುವುದು ನ್ಯಾಯವೂ ಆಗಿರಲಿಲ್ಲ. ರಾಗಿಗೆ 1,800, ಹಸನು ಮಾಡಿ ಬೀಸಲು 300, ವಾಣಿಜ್ಯ ಗ್ಯಾಸಿಗೆ 300, ಎಪ್ಪತ್ತೈದು ಪೊಟ್ಟಣಕ್ಕೆ 600, ಕೂಲಿ 1,000, ಒಟ್ಟು 4,000. ಅಂಗಡಿಯ ಪಾಲು ಕಳೆದು ಪೊಟ್ಟಣಕ್ಕೆ 72ರಂತೆ ಬರುವುದು 5,400. ಒಬ್ಬೆಗೆ 1,400 ಉಳಿಯುತ್ತದೆ. ಮನೆ ನಡೆಯಲು ನನ್ನ ಪಾಲಿನಿಂದ ತಿಂಗಳಿಗೆ 28,000 ಬೇಕು, ಶೆಡ್ಡಿನ ಬಾಡಿಗೆ, ವಿದ್ಯುತ್, ಓಡಾಟಕ್ಕೆ 12,000. ಅಂದರೆ ತಿಂಗಳಿಗೆ ಇಪ್ಪತ್ತೊಂಬತ್ತು ಒಬ್ಬೆ, ಸುಮಾರು 2,175 ಪೊಟ್ಟಣ. ನೌಕರಿ ಬಿಡುವ ಮಾತಿಗೆ ಮೊದಲ ಬಾರಿಗೆ ಒಂದು ಸಂಖ್ಯೆ ಸಿಕ್ಕಿತು. ಅಲ್ಲಿಯವರೆಗೆ ಅದು ಹಬ್ಬ ಕಳೆಯಲಿ, ವರ್ಷ ಕಳೆಯಲಿ ಎಂಬ ಮಾತಾಗಿಯೇ ಇತ್ತು.

ಮಾರಾಟವೂ ನಮ್ಮನ್ನು ಒಮ್ಮೆ ಮೋಸಗೊಳಿಸಿತು. 2024ರ ಶಿವರಾತ್ರಿಯ ಸಿದ್ಧಗಂಗಾ ಜಾತ್ರೆಯ ಸಮಯದಲ್ಲಿ, ವಸ್ತು ಪ್ರದರ್ಶನದ ಬಳಿ ಪರಿಚಯದ ಮಹಿಳಾ ಸಂಘದವರ ಮಳಿಗೆಯ ಮೂಲೆಯಲ್ಲಿ ನಮ್ಮ ಪೊಟ್ಟಣಗಳನ್ನು ಇಟ್ಟಿದ್ದೆವು. ನಾಲ್ಕು ದಿನದಲ್ಲಿ 260 ಹೋದವು. ಅದೇ ವೇಗವೆಂದು ಭಾವಿಸಿ ಮುಂದಿನ ತಿಂಗಳಿಗೆ ಆರು ಒಬ್ಬೆ ತಯಾರಿಸಿದೆವು, ಅರ್ಧಕ್ಕಿಂತ ಹೆಚ್ಚು ಉಳಿಯಿತು. ಜಾತ್ರೆಯಲ್ಲಿ ಕೊಂಡವರು ಜಾತ್ರೆಗಾಗಿ ಕೊಂಡಿದ್ದರು. ಅದಕ್ಕೆ ಪ್ರತಿಯಾಗಿ ಅಮಾನಿಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆಗೆ ಬರುವ ಹಿರಿಯರಲ್ಲಿ ಹನ್ನೊಂದು ಮಂದಿ ಭಾನುವಾರ ಒಂದೊಂದು ಪೊಟ್ಟಣ ಕೊಳ್ಳುತ್ತಿದ್ದರು; ಮೂರು ವಾರಕ್ಕೊಮ್ಮೆ ಅವರೇ ಮತ್ತೆ ಬರುತ್ತಿದ್ದರು. ಅಂದಿನಿಂದ ಪುಸ್ತಕದಲ್ಲಿ ಎರಡು ಕಾಲಂ ಮಾಡಿದೆ, ಮೊದಲ ಸಲ ಕೊಂಡವರು ಮತ್ತು ಮತ್ತೆ ಕೊಂಡವರು. ತಯಾರಿಸುವ ಪ್ರಮಾಣವನ್ನು ಎರಡನೆಯ ಕಾಲಂ ನೋಡಿಯೇ ನಿರ್ಧರಿಸುತ್ತೇನೆ.

ಉದ್ರಿಯ ಬಗ್ಗೆ ಹೆಚ್ಚು ಹೇಳಲಾರೆ. ನಗರದ ಒಂದು ಅಂಗಡಿಯವರು ನೂರಿಪ್ಪತ್ತು ಪೊಟ್ಟಣ ಪಡೆದು ಐದು ತಿಂಗಳು ಅಲೆಸಿದರು. ಸಂಜೆ ಬಸ್ಸಿಳಿದು ಅವರ ಅಂಗಡಿಯ ಮುಂದೆ ನಿಂತ ಗಂಟೆಗಳನ್ನೂ ಹಾಳೆಯಲ್ಲಿ ಬರೆದಾಗ, ಬಂದ ಹಣಕ್ಕಿಂತ ಗಂಟೆಗಳ ಬೆಲೆಯೇ ಹೆಚ್ಚಾಗಿತ್ತು. ಈಗ ಒಂದು ಪೆಟ್ಟಿಗೆಯ ಹಣ ಬಂದ ಮೇಲೆಯೇ ಇನ್ನೊಂದು ಪೆಟ್ಟಿಗೆ ಕೊಡುತ್ತೇವೆ. ಹಿಂದೂಪುರದಿಂದ ಒಂದು ಒಳ್ಳೆಯ ಆರ್ಡರು ಬಂದಿತ್ತು. ಮಧುಗಿರಿ ದಾಟಿದರೆ ಆಯಿತು, ನಮಗೆ ಅದು ಪಕ್ಕದೂರೇ. ಆದರೆ ಅದು ಆಂಧ್ರಪ್ರದೇಶ. ರಾಜ್ಯದೊಳಗೆ ಸರಕು ಮಾರುವವರಿಗೆ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಗಡಿ ದಾಟಿಸಿ ಸರಕು ಮಾರಿದರೆ ಮೊದಲ ಪೊಟ್ಟಣದಿಂದಲೇ ಕಡ್ಡಾಯ. ತಿಂಗಳ ಲೆಕ್ಕಪತ್ರ ಸಲ್ಲಿಸುವ ಹೊರೆಯನ್ನು ನೌಕರಿಯ ನಡುವೆ ಹೊರಲಾರೆನೆಂದು ಆ ಆರ್ಡರನ್ನು ಬೇಡವೆಂದೆ. ಆದಾಯ ತೆರಿಗೆಯಲ್ಲಿಯೂ ಸಂಬಳದವರು ತುಂಬುವ ಸಹಜ್ ನಮೂನೆ ಇನ್ನು ನಡೆಯುವುದಿಲ್ಲ. ಸಣ್ಣ ವ್ಯಾಪಾರದ ಅಂದಾಜು ಆದಾಯವನ್ನೂ ಸೇರಿಸಿ ಸುಗಮ್ ನಮೂನೆಯಲ್ಲಿ ಸಲ್ಲಿಸುತ್ತಿದ್ದೇನೆ.

ನೌಕರಿಯಲ್ಲಿರುವಾಗಲೇ ಮಾಡಿಕೊಳ್ಳಬೇಕಾದ ಭದ್ರತೆಗಳಲ್ಲಿ ಆರೋಗ್ಯ ವಿಮೆಯನ್ನು ಎಲ್ಲಕ್ಕಿಂತ ಮುಂದೆ ಇಡುತ್ತೇನೆ. ಕಂಪನಿಯ ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಮೊದಲೇ ಇರುವ ಕಾಯಿಲೆಗೆ ಸ್ವಂತ ವಿಮೆಯಲ್ಲಿ ಕಾಯುವ ಅವಧಿ ಇರುತ್ತದೆ, 2024ರಲ್ಲಿ ಅದರ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದರು. ನೌಕರಿ ಬಿಡುವ ದಿನ ವಿಮೆ ಕೊಂಡರೆ ಆ ಅವಧಿ ಅಂದಿನಿಂದ ಆರಂಭ. 2023ರಲ್ಲೇ ಕೊಂಡದ್ದರಿಂದ ಸಂಬಳದ ನೆರಳಿನಲ್ಲೇ ಅದು ಕಳೆಯುತ್ತಿದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನೂ ಯೋಚಿಸಿದೆ. ಐದು ವರ್ಷ ತುಂಬುವ ಮೊದಲು ಬಿಟ್ಟಿದ್ದರೆ ಏನೂ ಸಿಗುತ್ತಿರಲಿಲ್ಲ. 2024ರ ಆಗಸ್ಟಿಗೆ ತುಂಬಿತು. ಮೂಲ ವೇತನ ಮತ್ತು ತುಟ್ಟಿಭತ್ಯೆ 18,000 ಇರುವವರಿಗೆ ಹದಿನೈದು ದಿನದ ವೇತನವನ್ನು ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕದಲ್ಲಿ ಐದು ವರ್ಷಕ್ಕೆ ಗುಣಿಸಿದರೆ 51,923 ಆಗುತ್ತದೆ. ನಾನು ವಿಚಾರಿಸಿಟ್ಟಿರುವ ಬೀಸುವ ಯಂತ್ರದ ಬೆಲೆ ಅದಕ್ಕೆ ಹತ್ತಿರವಿದೆ.

ಸಹಾಯಧನದ ಬಗ್ಗೆ ಒಂದು ಮಾತು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ 2024-25ರಲ್ಲಿ ಕೇಂದ್ರದ ಶೇಕಡಾ 35ಕ್ಕೆ ರಾಜ್ಯದ 15 ಸೇರಿ ಅರ್ಧದಷ್ಟು ಸಹಾಯಧನ ದೊರೆಯುತ್ತಿತ್ತು. ಅದು ಸಾಲದೊಂದಿಗೆ ಬರುವ ಹಣ. ಮೂರು ವರ್ಷ ಘಟಕ ನಡೆದು ಸಾಲ ಸರಿಯಾಗಿ ತೀರುತ್ತಿದ್ದರೆ ಮಾತ್ರ ಸಾಲಕ್ಕೆ ವಜಾ ಆಗುತ್ತದೆ. ಅರ್ಧ ಬಿಡುತ್ತಾರೆಂದು ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಂಡು, ಎರಡು ಗಂಟೆ ಓಡಿಸಿ ಉಳಿದ ದಿನ ಬಟ್ಟೆ ಹೊದಿಸಿಟ್ಟ ಘಟಕಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಳೆಗಾಲಕ್ಕೆ ಬಿಸಿಲಿಲ್ಲದೆಯೂ ಕಾಳು ಒಣಗಿಸುವ ಯಂತ್ರ, ಟ್ರೇ ಡ್ರೈಯರ್, ಬೇಕೇ ಬೇಕು. ಅದಕ್ಕೆ ಅರ್ಜಿ ಹಾಕುತ್ತೇನೆ, ಆದರೆ ಮತ್ತೆ ಕೊಳ್ಳುವವರ ಕಾಲಂ ಅದರ ಅಳತೆಯನ್ನು ಹೇಳಿದ ಮೇಲೆ.

2025ರ ಸಂಕ್ರಾಂತಿಗೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಬರೆದೆ. 2023ರ ಬರದಿಂದ ರಾಗಿ ದುಬಾರಿಯಾಯಿತು. ಬೆಂಬಲ ಬೆಲೆಯೂ 2024-25ಕ್ಕೆ 4,290 ಆಗಿತ್ತು. ರೈತರಿಗೆ ಅದು ಸಿಗಲೇಬೇಕಾದ ಬೆಲೆ. ಆಗ ಕಿಲೋಗೆ 43 ಕೊಟ್ಟು ಕೊಳ್ಳುತ್ತಿದ್ದುದರಿಂದ ಒಬ್ಬೆಗೆ 350 ಹೆಚ್ಚು ಬೀಳುತ್ತಿತ್ತು. ಪೊಟ್ಟಣದ ಬೆಲೆಯನ್ನು 95ಕ್ಕೆ ಏರಿಸಿದ್ದರಿಂದ 300 ಮರಳಿ ಬಂದಿದೆ. ಉಳಿಕೆ 1,350. ಬೇಕಾದ ಒಬ್ಬೆಗಳು ಮೂವತ್ತು, ಪೊಟ್ಟಣಗಳು 2,250. ಜನವರಿಯಲ್ಲಿ ಮಾರಿದ್ದು 610. ಪಕ್ಕದ ಬೀದಿಯ ಇಬ್ಬರು ಹೆಣ್ಣುಮಕ್ಕಳು ವಾರಕ್ಕೆ ಎರಡು ದಿನ ಬರುತ್ತಾರೆ, ಅವರ ಕೂಲಿ ಅದೇ ದಿನ ಸಂದಾಯವಾಗುತ್ತದೆ. ಕೆಂಪು ಶಾಯಿ ಬಳಸಿ ಐದು ತಿಂಗಳಾಯಿತು. ಜುಲೈಯಿಂದ ಅಕ್ಟೋಬರಿನವರೆಗಿನ ಮಳೆ ತಿಂಗಳುಗಳೂ ಸೇರಿ ಆರು ತಿಂಗಳು ಸತತವಾಗಿ 2,250 ಮುಟ್ಟಿದ ಮೇಲೆ ರಾಜೀನಾಮೆ ಪತ್ರ ಬರೆಯುವುದೆಂದು ನಾವು ಮೂವರೂ ಕೂತು ತೀರ್ಮಾನಿಸಿದ್ದೇವೆ. ಅದು ಮುಂದಿನ ವರ್ಷವಾಗಬಹುದು, ಅದರ ಮುಂದಿನ ವರ್ಷವೂ ಆಗಬಹುದು.

ಅತ್ತೆಯ ಕೂಲಿ ತಿಂಗಳ ಮೊದಲ ದಿನ ಅಂಚೆ ಕಚೇರಿಯ ಅವರ ಖಾತೆಗೆ ಹೋಗುತ್ತದೆ. ಕಳೆದ ವಾರ ಪಾಸ್‌ಬುಕ್ಕಿನಲ್ಲಿ ಹೊಸ ಸಾಲುಗಳನ್ನು ಮುದ್ರಿಸಿಕೊಂಡು ಬಂದು, ಅಡುಗೆಮನೆಯ ಗೋಡೆಯ ಹಾಳೆಯ ಪಕ್ಕ ಹಿಡಿದು ಬಹಳ ಹೊತ್ತು ತಾಳೆ ನೋಡಿದರು. ಆಮೇಲೆ ಪೆನ್ನು ಕೇಳಿ ಪಡೆದು, ಡಿಸೆಂಬರಿನ ಎರಡನೆಯ ವಾರದಲ್ಲಿ ನಾನು ಬರೆಯಲು ಮರೆತಿದ್ದ ಒಂದೂವರೆ ಗಂಟೆ ಕೇರುವ ಕೆಲಸವನ್ನು ತಮ್ಮ ಕೈಯಿಂದಲೇ ಸೇರಿಸಿದರು.